ಕಬ್ಬಿಣವಾಗಲು ಒಪ್ಪದ ಕಪಾಟು

ನಾನು ಚಿಕ್ಕವಳಿದ್ದಾಗ ಕೊಟ್ಟೂರಿನ ನಮ್ಮ ಮನೆಯಲ್ಲಿ ಒಂದು ತೇಗದ ಕಪಾಟಿತ್ತು. ಅವ್ವ ಮದುವೆಯಾಗಿ ತವರೂರು ಹೊಳಲಿನಿಂದ ಬರುವಾಗ ಚಕ್ಕಡಿಯಲ್ಲಿ ಹೇರಿಕೊಂಡು ತಂದದ್ದು. ಜೇನಿನ ಬಣ್ಣ, ಬಾಗಿಲ ಅಂಚಿನಲ್ಲಿ ಕೆತ್ತಿದ ಬಳ್ಳಿ. ತೆರೆದರೆ ಮೊದಲು ಬೇವಿನೆಲೆಯ ಕಹಿ ವಾಸನೆ, ಅದರ ಹಿಂದೆಯೇ ಸೀರೆಯ ಮಡಿಕೆಯಲ್ಲಿ ಒಣಗಿದ ಹಡಗಲಿ ಮಲ್ಲಿಗೆಯ ಕಂಪು. ಅಪ್ಪ ಶೇಂಗಾ ಎಣ್ಣೆಯ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ. ಯುಗಾದಿ ಬಂತೆಂದರೆ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ, ಕೂಸಿಗೆ ನೀರೆರೆಯುವ ಮುಂಚೆ ತಿಕ್ಕುವಂತೆ ಆ ಕಪಾಟನ್ನು ತಿಕ್ಕುತ್ತಿದ್ದ.

ಅಕ್ಕನ ಮದುವೆ ಹರಪನಹಳ್ಳಿಯ ಹುಡುಗನ ಜೊತೆ ಗೊತ್ತಾಯಿತು. ಮದುಮಗಳ ಜೊತೆ ಕಬ್ಬಿಣದ ಬೀರು ಕಳಿಸುವುದು ಆಗ ಹೊಸ ರೂಢಿ. ಬೂದು ಬಣ್ಣದ, ಮುಟ್ಟಿದರೆ ತಣ್ಣಗಿರುವ, ಬಾಗಿಲು ಹಾಕಿದರೆ ಢಣ್ ಎನ್ನುವ ಬೀರು. ಅದನ್ನು ಕೊಳ್ಳುವುದು ನಮ್ಮಿಂದಾಗುವ ಮಾತಾಗಿರಲಿಲ್ಲ. ಅವ್ವ ತನ್ನ ಕಪಾಟನ್ನೇ ಅಕ್ಕನಿಗೆ ಕೊಡುತ್ತೇನೆಂದಳು. ಅಪ್ಪ ಒಪ್ಪಿದ. ಆದರೆ ಭಾನುವಾರ ಬೆಳಿಗ್ಗೆ ಬೂದು ಬಣ್ಣದ ಡಬ್ಬಿಯೊಂದನ್ನು ತಂದು ಅಂಗಳದಲ್ಲಿಟ್ಟ.

“ಹಳೇ ಕಟ್ಟಿಗಿ ಕಳಸ್ಯಾರ ಅಂತ ಯಾರೂ ಆಡ್ಕೋಬಾರದು. ಈ ಬಣ್ಣ ಬಳದ್ರ ಬೀರುನ ಆಗ್ತೈತಿ. ಯಾರಿಗೆ ಗೊತ್ತಾಗ್ತೈತಿ?” ಎಂದ.

“ಬಂಗಾರದಂಥ ಕಟ್ಟಿಗಿ ಐತಿ. ಅದರ ಮುಖಕ್ಕ ಬೂದಿ ಬಳೀತೀರಲ್ರಿ!” ಎಂದು ಅವ್ವ ಸೆರಗು ಕೊಡವಿ ಒಳಗೆ ಹೋದಳು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳ ಜೋರಾಯಿತು.

ಅಪ್ಪ ಬಳಿದ. ಬಣ್ಣ ಹತ್ತಲೇ ಇಲ್ಲ. ಎಣ್ಣೆತಲೆಯ ಮೇಲೆ ನೀರು ಜಾರುವಂತೆ ಜಾರಿ, ಅಲ್ಲಲ್ಲಿ ಹನಿಗಟ್ಟಿ ನಿಂತಿತು. ಇಷ್ಟು ವರ್ಷ ಅವನೇ ಕುಡಿಸಿದ ಎಣ್ಣೆ ಈಗ ಅವನ ಬಣ್ಣವನ್ನು ಹೊರಗೆ ನೂಕುತ್ತಿತ್ತು. ಸೋಡಾಪುಡಿ ಹಾಕಿದ ಬಿಸಿನೀರಲ್ಲಿ ತೊಳೆದೆವು. ಬಿಸಿಲಿಗೆ ಒಣಗಿಸಿದೆವು. ನನ್ನ ಕೈಗೆ ಮರಳು ಕಾಗದ ಬಂತು. ತಿಕ್ಕಿ ತಿಕ್ಕಿ ಬೆರಳ ತುದಿ ಉರಿಯತೊಡಗಿತು. ಗೆಳತಿಯರು ಬೇಲಿಯಾಚೆ ಕುಂಟೆಬಿಲ್ಲೆ ಆಡುತ್ತ ನನ್ನನ್ನು ಕೂಗುತ್ತಿದ್ದರು.

ಮತ್ತೆ ಬಳಿದೆವು. ಈ ಸಲ ಹತ್ತಿತು, ಆದರೆ ಒಣಗಲಿಲ್ಲ. ಮಧ್ಯಾಹ್ನ ಸುಂಟರಗಾಳಿ ಎದ್ದು ಗಿರಣಿಯ ಕಡೆಯ ಶೇಂಗಾ ಸಿಪ್ಪೆಯನ್ನೂ ಕೆಂಧೂಳನ್ನೂ ತಂದು ಆ ಅಂಟಿನ ಮೇಲೆ ಸುರಿಯಿತು. ಕಪಾಟು ಬೀರೂ ಆಗಲಿಲ್ಲ, ಕಪಾಟಾಗಿಯೂ ಉಳಿಯಲಿಲ್ಲ. ಮೈಯೆಲ್ಲ ಕಜ್ಜಿಯಾದ ಎಮ್ಮೆಯ ಹಾಗೆ ನಿಂತಿತ್ತು. ನನಗೆ ಅಪ್ಪನ ಮೇಲೆ, ಗಾಳಿಯ ಮೇಲೆ, ಆ ಕಪಾಟಿನ ಮೇಲೆ ಅಳುವಷ್ಟು ಸಿಟ್ಟು ಬಂತು. ಅಪ್ಪ ಬ್ರಷ್ಷನ್ನು ನೆಲಕ್ಕೆ ಬಿಸುಟ.

“ಇನ್ನೊಂದು ಕೈ ದಪ್ಪಗ ಬಳೀಬೇಕು,” ಎಂದ.

“ಬಳೀರಿ, ಬಳೀರಿ! ನಮ್ಮವ್ವ ಕೊಟ್ಟದ್ದು ಪೂರಾ ಹಾಳ ಮಾಡ್ರಿ,” ಎಂದು ಅವ್ವ ಹೊಸಿಲಲ್ಲಿ ನಿಂತು ಕೂಗಿದಳು.

ಆಗ ಅಕ್ಕ ಹೊರಗೆ ಬಂದಳು. ಅವಳ ಕೈಯಲ್ಲಿ ಒಡೆದ ಲಾಟೀನು ಗಾಜಿನ ಚೂರಿತ್ತು. ಯಾರನ್ನೂ ನೋಡದೆ ಬಾಗಿಲ ಮೇಲಿನ ಬಣ್ಣವನ್ನು ಹೆರೆಯತೊಡಗಿದಳು.

“ಏನ್ ಮಾಡಾಕತ್ತೀಯವಾ?” ಎಂದು ಅಪ್ಪ ಗದರಿದ.

“ಮ್ಯಾಲೆ ಕಬ್ಬಿಣ ಅಂತ ಬಳೀತೀರಿ. ಬಾಗಲಾ ತೆಗದ್ರ ಅದರ ಸಪ್ಪಳನ ಹೇಳ್ತೈತಿ, ನಾ ಕಟ್ಟಿಗಿ ಅಂತ. ದಿನಾ ತೆಗಿಯಾಕಿ ನಾನು, ಅತ್ತಿ ಮನಿಯವರ ಮುಂದ ನಿಲ್ಲಾಕಿ ನಾನು. ಮುಂಜಾನಿಂದ ನನ್ನ ಒಂದ್ ಮಾತು ಕೇಳೀರೇನು?”

ಅಪ್ಪ ಕಟ್ಟೆಯ ಮೇಲೆ ಕುಳಿತ. ಕೈಗೆ ಅಂಟಿದ ಬಣ್ಣ ಉಜ್ಜುತ್ತ, “ನಿನಗ ಯಾರಾದ್ರೂ ಒಂದ್ ಮಾತು ಅಂದಾರು ಅಂತ ಬಳದೆ ಮಗಳ,” ಎಂದ.

“ಅಂದ್ರ ನಾ ಉತ್ತರ ಕೊಡ್ತೀನಿ. ಉಳದ ಬಣ್ಣ ಒಳಗ ಬಳೀರಿ. ಅಲ್ಲಿ ಎಣ್ಣಿ ಹಚ್ಚಿಲ್ಲ, ಹಿಡಿತೈತಿ. ಸೀರಿಗೆ ಕಟ್ಟಿಗಿ ಸಿಬರು ಚುಚ್ಚೂದೂ ತಪ್ಪತೈತಿ.”

ಸಂಜೆಯವರೆಗೆ ಎಲ್ಲರೂ ಹೆರೆದೆವು. ಒಳಗೆ ಬಳಿದ ಬಣ್ಣ ಚೆನ್ನಾಗಿ ಹಿಡಿಯಿತು. ಆದರೆ ಬೇವಿನ, ಮಲ್ಲಿಗೆಯ ವಾಸನೆ ಹೋಗಿ ಬಣ್ಣದ ಘಾಟು ಉಳಿಯಿತು. ಕೆತ್ತಿದ ಬಳ್ಳಿಯ ಸಂದಿಯಲ್ಲಿ ಕೂತ ಬೂದು ಗೆರೆ ಏನು ಮಾಡಿದರೂ ಹೋಗಲಿಲ್ಲ. ಅವ್ವ ಆ ಗೆರೆ ಕಂಡಾಗಲೆಲ್ಲ ಅಪ್ಪನನ್ನು ಬೈಯುತ್ತಿದ್ದಳು.

ಹರಪನಹಳ್ಳಿಯಲ್ಲಿ ಅಕ್ಕನ ಅತ್ತೆ, “ಬೀರು ಎಲ್ಲೈತವ್ವಾ?” ಎಂದು ಕೇಳಿದರಂತೆ. “ಇದ ನಮ್ಮ ಬೀರು” ಎಂದಳಂತೆ ಅಕ್ಕ. ಒಂದಷ್ಟು ದಿನ ಕೊಂಕು ಮಾತು ನಡೆಯಿತು. ಆಮೇಲೆ ಅತ್ತೆಯ ರೇಷ್ಮೆ ಸೀರೆಗಳೂ ಅದರೊಳಗೇ ಬಂದು ಕೂತವು.

ಮೊಮ್ಮಕ್ಕಳೇ, ಮೊನ್ನೆ ನಿಮ್ಮ ಕೋಣೆಯ ಕಪಾಟಿಗೆ ಅಂಟಿಸುವ ಬಣ್ಣದ ಹಾಳೆಗಳನ್ನು ಬಡಗಿ ತಂದು ನಿಮ್ಮ ಮುಂದೆಯೇ ಹರಡಿದ. ಒಬ್ಬಳಿಗೆ ಹಳದಿಯೇ ಬೇಕು, ಇನ್ನೊಬ್ಬನಿಗೆ ತೇಗದ ಗೆರೆ ಅಚ್ಚು ಹಾಕಿದ ಹಾಳೆಯೇ ಬೇಕು. ಅರ್ಧ ದಿನ ಕಿತ್ತಾಡಿದಿರಿ. ನಿಮ್ಮಪ್ಪನಿಗೆ ತಲೆ ಚಿಟ್ಟು ಹಿಡಿದು, “ಅವ್ವಾ, ನೀನಾದ್ರೂ ಇವರಿಗೆ ಬುದ್ಧಿ ಹೇಳು” ಎಂದ. ನಾನು ಅಡುಗೆಮನೆಗೆ ಹೋಗಿ ಎಲ್ಲರಿಗೂ ಚಹಾ ಇಟ್ಟೆ. ಕಿತ್ತಾಡಲಿ ಬಿಡು, ಅಕ್ಕನ ಹಾಗಲ್ಲ, ಇವರನ್ನು ಮೊದಲೇ ಕೇಳಿದ್ದಾರಲ್ಲ ಎಂದುಕೊಂಡೆ.