ಕರಡಿಗೆಯ ಕೆಳಗಿನ ಗಂಟು

ಎದೆಯ ನಡುವೆ ಒಂದು ಮೊಡವೆ ಎದ್ದಿತ್ತು. ಕೈ ಸುಮ್ಮನಿರಬೇಕಲ್ಲ, ಚಿವುಟಿದೆ. ಗಾಯ ಮಾಗಿತು, ಕಲೆ ಮಾತ್ರ ಬೆಳೆಯುತ್ತಲೇ ಹೋಯಿತು. ಹುಣಸೆಬೀಜದಷ್ಟಿದ್ದದ್ದು ಕೆಂಪಗೆ, ಗಟ್ಟಿಯಾಗಿ ಹೆಬ್ಬೆರಳಷ್ಟು ಗಂಟಾಯಿತು. ನರಸೀಪುರದಲ್ಲೇ ಒಬ್ಬ ಡಾಕ್ಟರ್ ಹತ್ತಿರ ಕುಯ್ಯಿಸಿದೆ. ವರ್ಷ ತುಂಬುವುದರೊಳಗೆ ಎರಡರಷ್ಟಾಗಿ ವಾಪಸ್ ಬಂತು. ಬೆವರಿದರೆ ನವೆ, ರವಿಕೆ ತಗುಲಿದರೆ ಉರಿ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಎದೆಯ ಚರ್ಮವನ್ನು ಯಾರೋ ಮುಷ್ಟಿಯಲ್ಲಿ ಹಿಡಿದು ಎಳೆದಂತೆ. ನನ್ನ ಮೈಯಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದೆ.

ನಂಜನಗೂಡಿನ ಚರ್ಮದ ಡಾಕ್ಟರಮ್ಮ ಇನ್ನು ಕುಯ್ಯಿಸಲೇಬೇಡಿ ಎಂದರು. ಗಾಯವಾದ ಕೂಡಲೇ ರಕ್ತದ ಕಣಗಳು ಅಕ್ಕಪಕ್ಕದ ಜೀವಕೋಶಗಳಿಗೆ ಸುದ್ದಿ ಮುಟ್ಟಿಸುತ್ತವಂತೆ. ನಾರು ಹೆಣೆಯುವ ಕೋಶಗಳು ಬಂದು ಗಾಯ ಮುಚ್ಚುತ್ತವಂತೆ. ಮುಚ್ಚಿದ ಮೇಲೆ ಸಾಕು ಎಂಬ ಸುದ್ದಿಯೂ ಬರಬೇಕು. ನನ್ನಲ್ಲಿ ಅದು ಮುಟ್ಟುತ್ತಿಲ್ಲ. ಮದುವೆಮನೆಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವವರ ಹಾಗೆ ಅವು ಹೆಣೆಯುತ್ತಲೇ ಇವೆ. ಹೈಸ್ಕೂಲಿನಲ್ಲಿ ಇಷ್ಟು ವರ್ಷ ಜೀವಕೋಶದ ಪಾಠ ಮಾಡಿದ ನಾನು ಬೆಪ್ಪಾಗಿ ಕೇಳುತ್ತಾ ಕೂತೆ.

ಆಮೇಲೆ ಅವರು ನನ್ನ ಕೊರಳಿನ ಶಿವದಾರ ನೋಡಿದರು. ಅದರ ತುದಿಯಲ್ಲಿ, ಇಷ್ಟಲಿಂಗವಿರುವ ಬೆಳ್ಳಿಯ ಕರಡಿಗೆ ಸರಿಯಾಗಿ ಗಂಟಿನ ಮೇಲೇ ಕೂತಿತ್ತು.

"ಇದು ಉಜ್ಜಿದಷ್ಟೂ ಒಳಗೆ ಗಾಯದ ಸುದ್ದಿನೇ ಹೋಗ್ತಿರುತ್ತೆ," ಎಂದರು. "ಇಂಜೆಕ್ಷನ್ ಕೊಡ್ತೀನಿ. ಆದ್ರೆ ಇದು ಈ ಜಾಗದಲ್ಲಿ ಇರಬಾರದು."

ಹೇಳುವುದು ಸುಲಭ. ಆ ದಾರ ಕಟ್ಟಿದವಳು ನನ್ನ ಅವ್ವ, ನಾನಿನ್ನೂ ತೊಟ್ಟಿಲಲ್ಲಿದ್ದಾಗ. ಎದೆಯ ಮೇಲಿನ ಲಿಂಗ ಕದಲಿದರೆ ಜೀವವೇ ಕದಲಿದ ಹಾಗೆ ಎನ್ನುವವಳು. ಈಗಲೂ ನನ್ನ ಜೊತೆಗೇ ಇರುವವಳು, ದಿನಾ ಬೆಳಿಗ್ಗೆ ನನ್ನ ಕೊರಳು ನೋಡಿಯೇ ಕಾಫಿ ಕೊಡುವವಳು. ಡ್ಯೂಟಿ ಇದೆ ಎಂದು ಸುಳ್ಳು ಹೇಳಿ ನಾಲ್ಕು ತಿಂಗಳು ನಂಜನಗೂಡಿನ ಬಸ್ಸು ಹತ್ತಿದೆ. ಇಂಜೆಕ್ಷನ್ ಮೆತ್ತಗೆ ಮಾಡಿದ್ದನ್ನು ಕರಡಿಗೆ ಮತ್ತೆ ಕೆರಳಿಸುತ್ತಿತ್ತು. ಬಿಚ್ಚಿದರೆ ಅವ್ವ, ಬಿಚ್ಚದಿದ್ದರೆ ಗಂಟು. ಅತ್ತ ದರಿ, ಇತ್ತ ಪುಲಿ. ದೇವರ ಮೇಲೆ ಸಿಟ್ಟು, ಅವ್ವನ ಮೇಲೆ ಸಿಟ್ಟು, ಬಾಯಿ ಬಿಡದ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಒಂದು ಭಾನುವಾರ ಪೂಜೆ ಮುಗಿಸಿ ಎದ್ದ ಅವ್ವನ ಮುಂದೆ ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ, ಅಳುತ್ತಾ, ಜಗಳಕ್ಕೆ ನಿಂತವಳ ಹಾಗೆ. ಗಂಟನ್ನೂ ತೋರಿಸಿದೆ. ಅವ್ವ ಬಯ್ಯಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು ತನ್ನ ಸೆರಗು ಸರಿಸಿ, ಕರಡಿಗೆಯನ್ನು ಎತ್ತಿ ಹಿಡಿದಳು. ಅದರ ಕೆಳಗೆ ಅಂಗೈ ಅಗಲದ ಕಪ್ಪು ಗಂಟು, ಏಡಿಯ ಕಾಲಿನ ಹಾಗೆ ನಾಲ್ಕು ಕಡೆಗೂ ಚಾಚಿಕೊಂಡಿತ್ತು.

"ನಂಗೂ ಅದೆ ಕಣವ್ವ. ನೀ ಉಟ್ಟಕ್ಕೂ ಮುಂಚಿಂದ."

ಯಾರಿಗೂ ಹೇಳಿರಲಿಲ್ಲವಂತೆ, ಅಪ್ಪನಿಗೂ. ಹೇಳಿದರೆ ಲಿಂಗ ತೆಗಿ ಅಂದುಬಿಟ್ಟಾರು ಎಂಬ ಹೆದರಿಕೆ.

ನನ್ನ ದಾರವನ್ನು ಅವಳೇ ಬಿಚ್ಚಿದಳು. ಎಡತೋಳಿಗೆ ಬಿಗಿಯಾಗಿ ಕಟ್ಟಿ, ಸರಿಯಾಯ್ತಾ ಎಂದು ಎರಡು ಸಲ ಕೇಳಿದಳು. ಅವಳ ದಾರವನ್ನೂ ಬಿಚ್ಚಲೆಂದು ನಾನು ಅವಳ ಕೊರಳಿಗೆ ಕೈ ಹಾಕಿದೆ. ಅವಳು ಹಿಂದೆ ಸರಿದು ಕರಡಿಗೆಯನ್ನು ಆ ಗಂಟಿಗೇ ಒತ್ತಿ ಹಿಡಿದುಕೊಂಡಳು.

"ನಂದು ಬುಡು," ಎಂದಳು. "ನೋವು ನಂಗೆ ಒಗ್ಗೋಗ್ಯದೆ."