ಗ್ಯಾರೇಜಿನ ಹಂಡೆ

ಇಂದುಧರ ಬಿಯರ್ ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸ್ಯಾನ್ ಡಿಯಾಗೋದ ಕನ್ನಡದವರಲ್ಲಿ ಅರ್ಧ ಜನ ಈಗಲೂ ಬೇರೆಯೇ ತಿಳಿದುಕೊಂಡಿದ್ದಾರೆ. ದಾವಣಗೆರೆ ಕಡೆಯವನು, ಕೊರಳಲ್ಲಿ ಲಿಂಗ, ಯಾರದಾದರೂ ಪಾರ್ಟಿಯಲ್ಲಿ ಕೈಗೆ ಗ್ಲಾಸು ಕೊಟ್ಟರೆ ಒಳಗಿರುವುದು ಬರೀ ಸೋಡಾ ತಾನೇ ಎಂದು ಎರಡು ಸಲ ಕೇಳುವ ಪ್ರಾಣಿ. ಅಂಥವನು ಐವತ್ತೆಂಟನೆಯ ವಯಸ್ಸಿನಲ್ಲಿ, ಮೀರಾ ಮೆಸಾದ ತನ್ನ ಮನೆಯ ಗ್ಯಾರೇಜಿನಲ್ಲಿ, ಕರೆಂಟಿನ ಮೇಲೆ ಬಿಯರ್ ತಯಾರಿಸುವ ಮೂರು ಪಾತ್ರೆಗಳ ಸೆಟ್ಟನ್ನು ಕಟ್ಟಲು ಕೂತ. ತಲೆ ಕೆಟ್ಟಿರಲಿಲ್ಲ. ಮಗಳು ಬಂದು ನಾಲ್ಕು ಹೊತ್ತು ಮನೆಯಲ್ಲಿರಲಿ ಎಂಬ ಆಸೆ, ಅಷ್ಟೇ.

ಮಗಳು ಸ್ಪಂದನಾ ಬರುತ್ತಲೇ ಇರಲಿಲ್ಲ ಅಂತಲ್ಲ. ಲಾಸ್ ಏಂಜಲಿಸ್ ಪಕ್ಕದ ಗ್ಲೆಂಡೇಲ್‌ನಲ್ಲಿ ಅವಳ ಆಫೀಸು, ಅಲ್ಲೇ ಒಂದು ಬಾಡಿಗೆ ಮನೆ. ತಿಂಗಳಿಗೊಮ್ಮೆ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಇಂದುಧರ ಬೆಳಗಿನಿಂದ ಒಲೆಯ ಮುಂದೆ ನಿಂತು ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಹೋಳಿಗೆ ಅಂತ ಒದ್ದಾಡಿದರೆ, ಅವಳು ಕಾರಿನ ಕೀಯನ್ನು ಬೆರಳಲ್ಲಿ ಸಿಕ್ಕಿಸಿಕೊಂಡೇ ಊಟ ಮಾಡಿ, ತಟ್ಟೆ ತೊಳೆದು, "ಟ್ರಾಫಿಕ್ ಶುರುವಾಗತ್ತೆ ಅಪ್ಪ" ಎಂದು ಎದ್ದುಬಿಡುತ್ತಿದ್ದಳು. ಪಾಪ, ಅವಳದೇನೂ ತಪ್ಪಿಲ್ಲ. ಊಟಕ್ಕೆ ಕರೆದರೆ ಊಟ ಮುಗಿದ ಮೇಲೆ ಹೋಗಬೇಕು ತಾನೇ? ಅವಳು ಹೋದ ಮೇಲೆ ಉಳಿದ ಹೋಳಿಗೆಯನ್ನು ಇಂದುಧರ ವಾರವಿಡೀ ಟೊರ್ರಿ ಪೈನ್ಸ್‌ನಲ್ಲಿ ತಾನು ಕೆಲಸ ಮಾಡುವ ಲ್ಯಾಬಿಗೆ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ ಒಬ್ಬನೇ ತಿನ್ನುತ್ತಿದ್ದ.

ಹಬ್ಬಗಳಂತೂ ಅವನ ಪಾಲಿಗೆ ಇರಲೇ ಇಲ್ಲ. ಕೊರೋನಾ ಕಾಲದಲ್ಲಿ ಹಗಲು ರಾತ್ರಿ ಒಂದೇ ಸೂರಿನಡಿ ಮುಖ ಮುಖ ನೋಡಿಕೊಂಡು ಕೂತ ಮೇಲೆ, ಅವನೂ ಹೆಂಡತಿ ಪಂಕಜಾಳೂ ಇನ್ನು ಸಾಕು ಎಂಬ ತೀರ್ಮಾನಕ್ಕೆ ಬಂದಿದ್ದರು. ಯಾರ ತಪ್ಪು ಎಂದು ಕೇಳಬೇಡಿ, ಇಬ್ಬರ ಹತ್ತಿರವೂ ಒಂದೊಂದು ಉತ್ತರವಿದೆ, ಎರಡೂ ನಿಜ. ಪಂಕಜಾ ವಾಲ್‌ನಟ್ ಎಂಬ ಊರಿನಲ್ಲಿ ತಂಗಿಯ ಮನೆ ಸೇರಿಕೊಂಡಳು. ಗ್ಲೆಂಡೇಲ್‌ನಿಂದ ಅದು ಹತ್ತಿರ. ಯುಗಾದಿ, ಗಣಪತಿ, ದೀಪಾವಳಿ ಎಲ್ಲ ಅಲ್ಲಿ. ಹೀಗೆ ಅಂತ ಯಾರೂ ಮಾತಾಡಿಕೊಂಡಿರಲಿಲ್ಲ, ಆದರೂ ಹಾಗೇ ನಡೆದುಕೊಂಡು ಬಂತು.

ಒಂದು ಸಲ ಊಟಕ್ಕೆ ಬಂದವಳು, ಆಫೀಸಿನ ಗೆಳತಿಯ ಮನೆಯಲ್ಲಿ ಬಿಯರ್ ಮಾಡಿದ ಕಥೆ ಹೇಳಿದಳು. ಬಾರ್ಲಿ ನೆನೆಸಿದ್ದು, ಸೋಸಿದ್ದು, ಕುದಿಸಿದ್ದು. "ಇಟ್ಸ್ ಎ ಹೋಲ್ ಡೇ ಥಿಂಗ್, ಅಪ್ಪ" ಎಂದಳು. ಇಡೀ ದಿನದ ಕೆಲಸ! ಇಂದುಧರನ ಕಿವಿ ನೆಟ್ಟಗಾಯಿತು. ಅವಳು ಹೋದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಓದಿದ. ಕಾಯಿಸಲು ಒಂದು ದಿನ. ಎರಡು ಮೂರು ವಾರ ಹುದುಗಿದ ಮೇಲೆ ಬಾಟಲಿಗೆ ತುಂಬಲು ಇನ್ನೊಂದು ದಿನ. ಬಾಟಲಿ ಪಕ್ವವಾದ ಮೇಲೆ ರುಚಿ ನೋಡಲು ಮತ್ತೊಂದು ದಿನ. ಒಂದು ಸಲ ಮಾಡಿದರೆ ಮಗಳು ಮೂರು ಸಲ ಬರಬೇಕು! ಇಷ್ಟು ಸಾವಕಾಶದ ಅಡುಗೆ ಜಗತ್ತಿನಲ್ಲಿ ಇನ್ನೊಂದಿಲ್ಲ ಎನ್ನಿಸಿ ಅವನಿಗೆ ಖುಷಿಯೋ ಖುಷಿ.

ಸುದ್ದಿ ಹಬ್ಬಲು ಹೊತ್ತು ಬೇಕೇ? ಕನ್ನಡ ಕೂಟದ ಹಿರಿಯರು ಶಿವಲಿಂಗಯ್ಯನವರು ಫೋನ್ ಮಾಡಿದರು.

"ಏನ್ರೀ ಇಂದುಧರ್, ಗ್ಯಾರೇಜಿನಾಗೆ ಕಳ್ಳಭಟ್ಟಿ ಇಟ್ಟೀರಂತೆ? ಪೊಲೀಸ್ರು ಬಂದ್ರೆ ನನ್ನ ಹೆಸ್ರು ಹೇಳ್‌ಬ್ಯಾಡ್ರಪ್ಪ."

"ಇಲ್ಲಿ ಮನೆ ಮಟ್ಟಿಗೆ ಮಾಡ್ಕೊಂಡ್ರೆ ತಪ್ಪಿಲ್ಲ ಸರ್."

"ಅಲ್ರೀ, ನೀವು ಕುಡಿಯಲ್ಲ. ಮತ್ತೆ ಕುಡಿಯೋರ್ಯಾರು?"

"ಮಗಳು."

ಶಿವಲಿಂಗಯ್ಯನವರು "ಶಿವ ಶಿವಾ" ಎಂದು ಫೋನ್ ಇಟ್ಟರು.

ಮೂರು ಪಾತ್ರೆಗಳಲ್ಲಿ ಮೊದಲನೆಯದು ಬಿಸಿನೀರಿನದು. ಅದರ ನೀರಿನಿಂದಲೇ ಬಾರ್ಲಿ ನೆನೆಸಬೇಕು, ತೊಳೆಯಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ. ಇಂದುಧರ ಮೊದಲ ದಿನವೇ ಅದನ್ನು ಹಂಡೆ ಎಂದ. ಬಚ್ಚಲ ಹಂಡೆ ಕಂಡು ಬೆಳೆದವನು ಇನ್ನೇನು ಅಂದಾನು? ಕರೆಂಟಿನ ದಪ್ಪ ಲೈನನ್ನು ಎಲೆಕ್ಟ್ರಿಷಿಯನ್ ಎಳೆದುಕೊಟ್ಟ. ಆದರೆ ಸ್ಟೀಲಿನ ಹಂಡೆಗೆ ತೂತು ಕೊರೆದು ನೀರು ಕಾಯಿಸುವ ಕಾಯಿಲ್ ಕೂರಿಸುವ ಕೆಲಸ ಅವನದೇ. ಲ್ಯಾಬಿನಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳನ್ನು ಸಾಕುವ ಈ ಮಹಾಶಯ, ಮನೆಯಲ್ಲಿ ಒಂದು ನಲ್ಲಿಯ ವಾಷರ್ ಬದಲಾಯಿಸಿದವನಲ್ಲ. ಕೊರೆದ, ಕೂರಿಸಿದ, ನೀರು ತುಂಬಿದ. ತೊಟ್ ತೊಟ್ ಎಂದು ಸೋರಿತು. ಸ್ಪ್ಯಾನರ್ ಹಾಕಿ ಬಿಗಿ ಮಾಡಿದ. ಇನ್ನೂ ಜಾಸ್ತಿ ಸೋರಿತು.

ಫೋಟೋ ತೆಗೆದು ಮಗಳಿಗೆ ಕಳಿಸಿದ. ಅದುವರೆಗೆ ಅವರಿಬ್ಬರ ನಡುವೆ ಫೋನಿನಲ್ಲಿ ಓಡಾಡುತ್ತಿದ್ದುದು ಹೆಬ್ಬೆರಳಿನ ಚಿತ್ರ ಮಾತ್ರ. ಈಗ ನೋಡಿ, ಪ್ರಶ್ನೆಗಳ ಮೇಲೆ ಪ್ರಶ್ನೆ! ರಬ್ಬರ್ ರಿಂಗು ಒಳಗಿದೆಯೋ ಹೊರಗಿದೆಯೋ? ಯಾಕೆ ಅಷ್ಟು ಬಿಗಿ ಮಾಡಿದೆ? ಮಧ್ಯಾಹ್ನದ ಬ್ರೇಕಿನಲ್ಲಿ ಅವಳೇ ವೀಡಿಯೋ ಕಾಲ್ ಮಾಡಿ, "ಹಂಡೆ ತೋರ್ಸು" ಎನ್ನುತ್ತಿದ್ದಳು. ಕೊನೆಗೆ ತೂತಿನ ಅಂಚು ಚೂಪಾಗಿ ರಬ್ಬರನ್ನು ಕಚ್ಚುತ್ತಿದೆ ಎಂದು ಕಂಡುಹಿಡಿದವಳೂ ಅವಳೇ. ಅಪ್ಪ ಅರದಿಂದ ಅಂಚನ್ನು ಉಜ್ಜಿ ನಯ ಮಾಡಿ, ಹೊಸ ರಿಂಗು ಹಾಕಿ, ಹದವಾಗಿ ಬಿಗಿ ಮಾಡಿದ. ಸೋರುವುದು ನಿಂತಿತು. ನಿಜ ಹೇಳಬೇಕೆಂದರೆ ಇಂದುಧರನಿಗೆ ಅಂದು ಸ್ವಲ್ಪ ಬೇಜಾರೇ ಆಯಿತು, ನಾಳೆಯಿಂದ ಅವಳು ಏನು ಕೇಳಿಯಾಳು ಎಂದು.

ಆದರೆ ಅವಳೇ, ಭಾನುವಾರ ಬರುತ್ತೇನೆ, ಬೆಳಿಗ್ಗೆಯಿಂದ ಸಂಜೆಯವರೆಗೆ ಇರುತ್ತೇನೆ ಎಂದಳು. ಅದು ಎರಡು ಸಾವಿರದ ಇಪ್ಪತ್ತಮೂರರ ನವೆಂಬರ್. ಇಂದುಧರ ಬಾರ್ಲಿ ತಂದ, ಹಾಪ್ಸ್ ಎಂಬ ಕಹಿ ಹೂವು ತಂದ, ಯೀಸ್ಟ್ ತಂದು ಫ್ರಿಜ್ಜಿನಲ್ಲಿಟ್ಟ. ಶನಿವಾರ ಸಂಜೆ, ಕೊನೆಯ ಪರೀಕ್ಷೆಗೆಂದು ಹಂಡೆಯನ್ನು ಕಂಠಮಟ್ಟ ತುಂಬಿದ. ಒಂದು ಹನಿ ಸೋರಲಿಲ್ಲ. ಅಷ್ಟರಲ್ಲಿ ಶಿವಲಿಂಗಯ್ಯನವರ ಮೆಸೇಜು ಬಂತು: ನೀರು ತುಂಬುವ ಹಬ್ಬದ ಶುಭಾಶಯಗಳು.

ಅಯ್ಯೋ ನನ್ನ ಕರ್ಮವೇ! ನೀರು ತುಂಬುವ ಹಬ್ಬ ಇವತ್ತಾದರೆ ನಾಳೆ ನರಕ ಚತುರ್ದಶಿ, ದೀಪಾವಳಿ. ಇದ್ದಬದ್ದ ಭಾನುವಾರಗಳಲ್ಲಿ ಹಬ್ಬದ ಭಾನುವಾರಕ್ಕೇ ಒಪ್ಪಿಕೊಂಡಿದ್ದ. ಮನೆಯಲ್ಲಿ ಪಂಚಾಂಗ ನೋಡುತ್ತಿದ್ದವಳು ಪಂಕಜಾ. ಅವಳು ಹೋದ ಮೇಲೆ ಗೋಡೆಯ ಮೇಲೆ ಲ್ಯಾಬಿನವರು ಕೊಟ್ಟ ಕ್ಯಾಲೆಂಡರ್ ಇತ್ತು, ಅದರಲ್ಲಿ ಸಮುದ್ರದ ಚಿತ್ರ ಮಾತ್ರ. ಅವನು ಹೆದರಿಕೊಂಡೇ ಕಾಯುತ್ತಿದ್ದ ಮೆಸೇಜು ಸ್ವಲ್ಪ ಹೊತ್ತಿಗೆ ಬಂದೇ ಬಂತು. ಅಮ್ಮ ನಾಳೆ ದೀಪಾವಳಿ ಅಂತಿದ್ದಾಳೆ, ನನಗೂ ಮರೆತೇ ಹೋಗಿತ್ತು, ಸಾರಿ ಅಪ್ಪ, ಮುಂದಿನ ವಾರ? ಇಂದುಧರ ಹೆಬ್ಬೆರಳಿನ ಚಿತ್ರ ಕಳಿಸಿದ.

ಹಂಡೆಯ ನೀರು ಚೆಲ್ಲೋಣವೆಂದು ನಲ್ಲಿಗೆ ಕೈ ಹಾಕಿದ. ಕೈ ಮುಂದೆ ಹೋಗಲಿಲ್ಲ. ಅವನ ತಾಯಿ ಚೆನ್ನಮ್ಮ ಇದ್ದಿದ್ದರೆ ಕಣ್ಣು ಕೆಂಪಗೆ ಮಾಡುತ್ತಿದ್ದಳು. ಹಬ್ಬದ ಹಿಂದಿನ ಸಂಜೆ ಹಂಡೆಯನ್ನು ಬೂದಿ ಹುಣಸೆಹಣ್ಣಿನಲ್ಲಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ತುಂಬಿದ ನೀರನ್ನು ಪೂಜೆ ಮಾಡುತ್ತಿದ್ದಳು. ಆ ನೀರು ಬೆಳಗಿನ ಎಣ್ಣೆಸ್ನಾನಕ್ಕೆ, ಸುಮ್ಮನೆ ಚೆಲ್ಲುವಂತಿಲ್ಲ. ತಿಳಿಯದೆ ತುಂಬಿದರೂ ಹಬ್ಬದ ನೀರು ಹಬ್ಬದ ನೀರೇ. ಇಂದುಧರ ಒಳಗೆ ಹೋಗಿ ವಿಭೂತಿ ಕಲಸಿ ತಂದು ಸ್ಟೀಲಿನ ಮೇಲೆ ಮೂರು ಪಟ್ಟೆ ಎಳೆದ. ಬಳ್ಳಿ ಎಲ್ಲಿಂದ ತರುವುದು? ಫ್ರಿಜ್ಜಿನಲ್ಲಿದ್ದ ಒಂದು ಹಾಗಲಕಾಯಿಯನ್ನು ದಾರದಲ್ಲಿ ಹಂಡೆಯ ಹಿಡಿಗೆ ಕಟ್ಟಿದ. ನೋಡಿ ಅವನಿಗೇ ನಗು ಬಂತು, ನಗಲು ಜೊತೆಗೆ ಇನ್ನೊಬ್ಬರಿರಲಿಲ್ಲ.

ಬೆಳಿಗ್ಗೆ ಸ್ವಿಚ್ ಹಾಕಿದ. ಮೊದಲ ಸಲ ಹಂಡೆ ಗುಂಯ್ ಎಂದು ಸದ್ದು ಮಾಡುತ್ತ ಕಾಯತೊಡಗಿತು. ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿಕೊಂಡು, ತಲೆಕೆಳಗಾದ ಕ್ರೇಟಿನ ಮೇಲೆ ಪಂಚೆ ಸುತ್ತಿಕೊಂಡು ಕೂತ. ಕೂತೇ ಇದ್ದ. ಆ ದಿನ ಯಾರೂ ತಮ್ಮ ತಲೆಗೆ ತಾವೇ ಎಣ್ಣೆ ಹಚ್ಚಿಕೊಳ್ಳುವುದಿಲ್ಲ. ಮನೆಯ ಹೆಣ್ಣುಮಕ್ಕಳು ಹಣೆಗೆ ಕುಂಕುಮವಿಟ್ಟು, ನೆತ್ತಿಗೆ ಎಣ್ಣೆ ಒತ್ತಿ, ನೂರು ವರ್ಷ ಬಾಳು ಅನ್ನಬೇಕು. ಹಾಗಂತ ಬಾರದವರನ್ನು ಎಷ್ಟು ಹೊತ್ತು ಕಾಯುವುದು? ಎಣ್ಣೆ ಆರುತ್ತ ಬಂತು. ಇಂದುಧರ ತನ್ನ ಕೈಯಿಂದಲೇ ನೆತ್ತಿಗೆ ಸುರಿದುಕೊಂಡ, ಮೈಗೆ ತಿಕ್ಕಿಕೊಂಡ. ಪ್ಲಗ್ ಕಿತ್ತಿಟ್ಟು, ತಂಬಿಗೆಯನ್ನು ಹಂಡೆಯೊಳಗೇ ಅದ್ದಿ ಅದ್ದಿ ಹೊಯ್ದುಕೊಂಡ. ನೀರು ಹೇಳಿ ಮಾಡಿಸಿದಂತೆ ಹದವಾಗಿತ್ತು. ಸೀಗೆಪುಡಿಯ ಕಂದು ನೀರು ಶಟರಿನ ಕೆಳಗಿನಿಂದ ಹರಿದು ರಸ್ತೆಗೆ ಇಳಿಯಿತು, ನಾಯಿ ಹಿಡಿದು ಹೊರಟಿದ್ದ ನೆರೆಮನೆಯವಳು ಅದನ್ನು ದಾಟಿಕೊಂಡು ಹೋದಳು. ಒಳಗೆ ಇಂದುಧರ ಬಿಕ್ಕಿ ಬಿಕ್ಕಿ ಅತ್ತ. ತಲೆಯ ಮೇಲೆ ನೀರು ಬೀಳುತ್ತಿರುವಾಗ ಅತ್ತರೆ ಯಾರಿಗೆ ಲೆಕ್ಕ ಕೊಡಬೇಕು?

ಆಮೇಲೆ ಹಂಡೆಗೆ ಎರಡು ಸಲ ಬರೀ ನೀರು ಹಾಕಿ ಕುಲುಕಿ ಬೋರಲು ಹಾಕಿದ. ಲ್ಯಾಬಿನಲ್ಲಿ ಒಂದು ಗಾಜಿನ ಬಾಟಲಿ ಮುಟ್ಟಲು ಎರಡೆರಡು ಗ್ಲೌಸ್ ಹಾಕುವ ಮನುಷ್ಯ! ಸ್ನಾನದ ಹಂಡೆಗೆ ಸೋಪು ಹಾಕುವ ಪದ್ಧತಿ ಅವನ ಮನೆಯಲ್ಲಿರಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಮುಂದಿನ ಭಾನುವಾರ ಸ್ಪಂದನಾ ಬಂದಳು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದ್ದಳು, ಮಾತು ತಪ್ಪಲಿಲ್ಲ. ಹಂಡೆಯ ನೀರಿನಲ್ಲಿ ಬಾರ್ಲಿ ನೆನೆಯುತ್ತಿರುವಾಗ ಇಬ್ಬರೂ ಗ್ಯಾರೇಜಿನಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಆಫೀಸಿನ ವಿಷಯ ಹೇಳಿದಳು, ರಾಜೀವ್ ಎಂಬ ಹುಡುಗ ಕೈಕೊಟ್ಟ ವಿಷಯ ಹೇಳಿದಳು. ಇಂದುಧರನಿಗೆ ಅಂಥವನೊಬ್ಬನಿದ್ದ ಎಂಬುದೇ ಗೊತ್ತಿರಲಿಲ್ಲ. ಬಾಟಲಿ ತುಂಬಲೂ ಬಂದಳು. ಹಬ್ಬದ ದಿನದ ಬಗ್ಗೆ ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ.

ಮೂರನೆಯ ಸಲ, ಡಿಸೆಂಬರಿನಲ್ಲಿ, ರುಚಿ ನೋಡಲು ಬಂದವಳು ಕೀ ಕೈಯಲ್ಲಿ ಹಿಡಿದೇ ಬಾಟಲಿ ತೆಗೆದು ಗ್ಲಾಸಿಗೆ ಬಗ್ಗಿಸಿದಳು. ಬುಸ್ ಎಂದು ಸದ್ದೇನೋ ಬಂತು. ಮೇಲೆ ನಿಲ್ಲಬೇಕಾದ ನೊರೆ ಮಾತ್ರ ಎದ್ದ ಹಾಗೇ ಇಂಗಿಹೋಯಿತು. ಇನ್ನೊಂದು ಬಾಟಲಿ, ಅದೂ ಹಾಗೆಯೇ. ಕುಡಿದು ನೋಡಿ, ರುಚಿ ಚೆನ್ನಾಗಿದೆ ಎಂದಳು. ಆಮೇಲೆ ಫೋನಿನಲ್ಲಿ ಏನೋ ಹುಡುಕಿ ಓದಿ ತಲೆಯೆತ್ತಿದಳು.

"ಅಪ್ಪ, ಎಣ್ಣೆ ಪಸೆ ತಾಗಿದ್ರೆ ನೊರೆ ನಿಲ್ಲಲ್ವಂತೆ. ಡಿಡ್ ಎನಿ ಆಯಿಲ್ ಗೆಟ್ ಇನ್?"

ಇಂದುಧರ ಹಂಡೆಯ ಕಡೆ ನೋಡಿದ. ಸುಳ್ಳು ಹೇಳುವಷ್ಟು ಚುರುಕು ಅವನಿಗೆ ಯಾವತ್ತೂ ಇಲ್ಲ.

"ದೀಪಾವಳಿ ದಿನ ಅದ್ರಲ್ಲಿ ಸ್ನಾನ ಮಾಡಿದ್ದೆ."

"ವಾಟ್! ಹಂಡೇಲಾ?" ಅವಳು ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. "ಐ ಡ್ರ್ಯಾಂಕ್ ಯುವರ್ ಬಾತ್ ವಾಟರ್!" ಇಂದುಧರನೂ ನಕ್ಕ. ಆ ಗ್ಯಾರೇಜಿನಲ್ಲಿ ಅಷ್ಟು ನಗು ಆ ಮೊದಲು ಕೇಳಿರಲಿಲ್ಲ. ನಗುತ್ತಲೇ ಇದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು. ಅವಳು ಚಿಕ್ಕವಳಿದ್ದಾಗ ಒಂದು ದೀಪಾವಳಿಗೆ ಚೆನ್ನಮ್ಮ ಈ ಮನೆಗೆ ಬಂದಿದ್ದಳು. ಎಲ್ಲರನ್ನೂ ಸಾಲಾಗಿ ಕೂರಿಸಿ ಎಣ್ಣೆ ಒತ್ತಿದ್ದಳು. ತಾನೇ ಹಚ್ಚಿಕೊಳ್ಳುತ್ತೇನೆಂದು ಹಠ ಮಾಡಿದ ಮೊಮ್ಮಗಳ ಕೈಗೆ ಮೆಲ್ಲಗೆ ಒಂದು ಕೊಟ್ಟಿದ್ದಳು.

"ಎಣ್ಣೆ ಯಾರು ಹಚ್ಚಿದ್ರು ಅಪ್ಪ?"

ಇಂದುಧರ ಗ್ಲಾಸನ್ನು ಒರೆಸುತ್ತ ನಿಂತ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ನಾನೇ ಹಚ್ಕೊಂಡೆ."

ಸ್ಪಂದನಾ ಕಾರಿನ ಕೀಯನ್ನು ಹಂಡೆಯ ಮುಚ್ಚಳದ ಮೇಲಿಟ್ಟು ಒಳಗೆ ಹೋದಳು. ಅಡುಗೆಮನೆಯಲ್ಲಿ ಡಬ್ಬಿಗಳನ್ನು ತೆಗೆದು ಮುಚ್ಚುವ ಸದ್ದು ಕೇಳಿಸಿತು. ಎಣ್ಣೆಯ ಬಟ್ಟಲು ಹಿಡಿದು ಬಂದವಳೇ ಕ್ರೇಟನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು.

"ಕೂತ್ಕೋ."

"ಇವತ್ತು ಹಬ್ಬ ಅಲ್ವಲ್ಲಮ್ಮ. ನಿಂಗೆ ಟ್ರಾಫಿಕ್..."

"ಕೂತ್ಕೋ ಅಪ್ಪ. ಹಂಡೆಗೆ ನೀರು ಬಿಡು ಮೊದ್ಲು. ಕಾಯೋವರೆಗೂ ಇರ್ತೀನಿ."

ಇಂದುಧರ ಕೀಯನ್ನು ಎತ್ತಿ ಕಪಾಟಿನ ಮೇಲಿಟ್ಟು, ಮುಚ್ಚಳ ತೆಗೆದು, ಹಂಡೆಯನ್ನು ಕಂಠಮಟ್ಟ ತುಂಬಿ, ಸ್ವಿಚ್ ಹಾಕಿದ. ಶಾಖ ಹೆಚ್ಚು ಕಡಿಮೆ ಮಾಡುವ ಗುಂಡಿಯೊಂದು ಅದಕ್ಕಿದೆ. ಪೂರ್ತಿ ತಿರುಗಿಸಿದರೆ ನೀರು ಬೇಗ ಕಾಯುತ್ತದೆ. ಮಗಳ ಕಡೆಗೆ ಬೆನ್ನು ಮಾಡಿ ನಿಂತು, ಅವನು ಅದನ್ನು ಎಲ್ಲಕ್ಕಿಂತ ಕಡಿಮೆಗೆ ಇಳಿಸಿ, ಬಂದು ಕ್ರೇಟಿನ ಮೇಲೆ ಕೂತ.