ಆಯಮ್ಮ ಹಾಕಿಕೊಂಡಿದ್ದ ನನ್ನ ಬ್ಯಾಡ್ಜ್

ಕಳೆದ ತಿಂಗಳು ನಮ್ಮ ಆಸ್ಪತ್ರೆಯ ಸ್ಟೋರ್ ರೂಮು ಖಾಲಿ ಮಾಡಿಸುವಾಗ ಹಳೆಯ ಸೀಸದ ಏಪ್ರನ್ನೊಂದು ಸಿಕ್ಕಿತು. ಎಕ್ಸ್‌ರೇ ಕಿರಣ ಮೈಗೆ ತಾಗದಿರಲೆಂದು ಹಾಕಿಕೊಳ್ಳುವಂಥದ್ದು. ಮಡಚಿಟ್ಟಲ್ಲೆಲ್ಲ ಬಿರುಕು ಬಿಟ್ಟಿತ್ತು. ಎತ್ತಿದಾಗ ಕಾದ ರಬ್ಬರಿನ, ಅದರೊಳಗೆ ಯಾರದೋ ಹಳೆಯ ಬೆವರಿನ ವಾಸನೆ ಬಂತು. ನಾನು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತೆ.

ನನ್ನ ಮೊದಲ ಕೆಲಸ ರಾಜಾಜಿನಗರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಡಿಪ್ಲೊಮಾ ಮುಗಿಸಿ ಎರಡು ತಿಂಗಳಾಗಿತ್ತು. ಮೆಟ್ಟಿಲ ಕೆಳಗಿನ ಎಕ್ಸ್‌ರೇ ಕೋಣೆಯಲ್ಲಿ ನಾನು, ಮಷೀನು ಮತ್ತು ಆಯಮ್ಮ. ಐವತ್ತು ದಾಟಿದ, ಎತ್ತರದ ಹೆಂಗಸು. ಮೂಡಲಪಾಳ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನೆಲ ಒರೆಸುವುದು, ರೋಗಿಗಳನ್ನು ಮಲಗಿಸುವುದು, ಎಬ್ಬಿಸುವುದು ಅವರ ಕೆಲಸ. ಅದಕ್ಕಿಂತ ಹೆಚ್ಚಾಗಿ, ಮಕ್ಕಳನ್ನು ಹಿಡಿದುಕೊಳ್ಳುವುದು.

ಮಷೀನಿನ ಕೆಳಗೆ ಮಕ್ಕಳು ಸುಮ್ಮನಿರುವುದಿಲ್ಲ. ಅಪ್ಪನೋ ಅಮ್ಮನೋ ಏಪ್ರನ್ ಹಾಕಿಕೊಂಡು ಹಿಡಿಯಬೇಕು, ಸಿಬ್ಬಂದಿಯಲ್ಲಿ ಒಬ್ಬರೇ ದಿನವೂ ಹಿಡಿಯಬಾರದು ಎಂದು ನಾನು ಓದಿಕೊಂಡು ಬಂದಿದ್ದೆ. ಅಲ್ಲಿ ಯಾವಾಗಲೂ ಹಿಡಿಯುತ್ತಿದ್ದವರು ಆಯಮ್ಮ. “ಏ ಪೋಕ್ರಿ, ಫೋಟೋ ತೆಗೀತಾರೆ ಕಣೋ, ಅತ್ರೆ ಮೂತಿ ಸೊಟ್ಟ ಬರತ್ತೆ” ಎಂದು ಗದರಿಸಿ, ಏಪ್ರನ್ನೂ ಇಲ್ಲದೆ ಮಗುವಿನ ಮೇಲೆ ಬಾಗಿ, ಎರಡೂ ಕೈ ಒತ್ತಿ ಹಿಡಿಯುತ್ತಿದ್ದರು. ಮೂಳೆ ಡಾಕ್ಟರು ಪರದೆಯ ಮೇಲೆ ನೋಡುತ್ತ ಮೂಳೆ ಕೂಡಿಸುವಾಗ ಕಾಲು ಎಳೆದು ಹಿಡಿಯುತ್ತಿದ್ದವರೂ ಅವರೇ. ಇದ್ದ ಒಂದು ಏಪ್ರನ್ನು ಆಗ ಡಾಕ್ಟರ ಮೈಮೇಲಿರುತ್ತಿತ್ತು.

ನಾನು ಹಿಡಿಯಲು ಹೋದರೆ ಬಿಡುತ್ತಿರಲಿಲ್ಲ.

“ಹೋಗಮ್ಮ, ಗೋಡೆ ಆಚೆ ನಿಂತ್ಕೊ. ನಿಂಗಿನ್ನೂ ಮದ್ವೆ ಆಗ್ಬೇಕು, ಮಕ್ಳಾಗ್ಬೇಕು. ನಂದೆಲ್ಲ ಮುಗೀತಲ್ಲ, ನಂಗೇನಾಗತ್ತೆ?”

ಆ ಕಿರಣದಿಂದ ಆಗುವುದೆಲ್ಲ ಹೊಟ್ಟೆಯಲ್ಲಿ ಹುಟ್ಟಬೇಕಾದ ಮಕ್ಕಳಿಗೆ ಮಾತ್ರ ಎಂದು ಅವರು ನಂಬಿದ್ದರು. ನನಗಿಂತ ಮುಂಚೆ ಇದ್ದ ಹುಡುಗಿಯರನ್ನೂ ಹಾಗೆಯೇ ಗೋಡೆಯಾಚೆ ಕಳಿಸಿದ್ದರಂತೆ. ಅದು ಹಾಗಲ್ಲ ಎಂದು ನನಗೆ ಗೊತ್ತಿತ್ತು. ಒಂದೆರಡು ಸಲ ಹೇಳಿಯೂ ಹೇಳಿದೆ. ಆದರೆ ಹೇಳಿ, ಮತ್ತೆ ಗೋಡೆಯ ಆಚೆಗೇ ಹೋಗಿ ನಿಂತೆ...

ನನ್ನ ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಬ್ಯಾಡ್ಜೊಂದು ಇರುತ್ತಿತ್ತು. ಮೈಗೆ ಎಷ್ಟು ಕಿರಣ ಬಿತ್ತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಮೂರು ತಿಂಗಳಿಗೊಮ್ಮೆ ಒಳಗಿನ ಕಾರ್ಡು ಬದಲಿಸಿ, ಹಳೆಯದನ್ನು ಲ್ಯಾಬಿಗೆ ಕಳಿಸಿದರೆ ಅಳೆದು ಹೇಳುತ್ತಾರೆ. ಆಯಮ್ಮನಿಗೂ ಒಂದು ತರಿಸಿ ಎಂದು ಮ್ಯಾನೇಜರನ್ನು ಕೇಳಿದೆ. “ಆಯಾಗೆ ಕೊಟ್ರೆ ನಾಳೆ ವಾಚ್‌ಮನ್ನೂ ಕೇಳ್ತಾನೆ, ಸುಮ್ನಿರಮ್ಮ” ಎಂದು ನಕ್ಕರು. ಆ ದಿನ ಸಿಟ್ಟಿನಲ್ಲಿ ನನ್ನದನ್ನೇ ಬಿಚ್ಚಿ ಆಯಮ್ಮನ ಸೀರೆಯ ಸೆರಗಿಗೆ ಸಿಕ್ಕಿಸಿದೆ. ಅಳತೆಯಾದರೂ ಗೊತ್ತಾಗಲಿ ಎಂದು.

ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಮೊದಲ ದಿನ ಅದನ್ನು ಹಾಕಿಕೊಂಡೇ ಮನೆಗೆ ಹೋದರು. “ಬಸ್ಸಲ್ಲಿ ಕಂಡಕ್ಟ್ರು ಎದ್ದು ಸೀಟು ಕೊಡೋದೊಂದು ಬಾಕಿ ನೋಡು” ಎಂದು ಮರುದಿನ ಬಂದು ಹೇಳಿದರು. ಆಮೇಲೆ ನಾನು ಗಮನಿಸಿದ್ದು ಬೇರೆ. ಮೊದಲು ಮುಖವನ್ನಾದರೂ ಆಚೆ ತಿರುಗಿಸುತ್ತಿದ್ದವರು ಈಗ ಅದನ್ನೂ ಬಿಟ್ಟಿದ್ದರು. ಇನ್ನಷ್ಟು ಬಾಗಿ, ಮಷೀನಿನ ನೇರಕ್ಕೆ ಬರುತ್ತಿದ್ದರು.

“ಆಯಮ್ಮ, ಸ್ವಲ್ಪ ಹಿಂದೆ ಬನ್ನಿ” ಎಂದೆ.

“ಇದಿದೆಯಲ್ಲ” ಎಂದು ಬ್ಯಾಡ್ಜನ್ನು ಮುಟ್ಟಿ ತೋರಿಸಿದರು. “ತಾಯತ ಇದ್ದಂಗೆ. ಇನ್ನೇನೂ ತಾಗಲ್ಲ.”

ಅದು ಕಾಪಾಡುವುದಿಲ್ಲ, ಅಳೆಯುತ್ತದೆ ಅಷ್ಟೇ, ಎಂದು ಕೂರಿಸಿಕೊಂಡು ಹೇಳಬೇಕಿತ್ತು. ಹೊರಗೆ ರೋಗಿಗಳು ಸಾಲಾಗಿ ಕೂತಿದ್ದರು. ನಾನು ನಕ್ಕು ಬಟನ್ ಒತ್ತಿದೆ. ಏನು ಸಬೂಬು ಹೇಳಿಕೊಂಡರೂ ನಾನು ನಕ್ಕದ್ದು ನಿಜ.

ಮೂರು ತಿಂಗಳು ಕಳೆದ ಮೇಲೆ ಲ್ಯಾಬಿನಿಂದ ನನ್ನ ಹೆಸರಿಗೆ ಪತ್ರ ಬಂತು. ಅಳತೆ ಮಿತಿ ಮೀರಿದೆ, ಕಾರಣ ತಿಳಿಸಿ ಎಂದಿತ್ತು. ನರ್ಸಿಂಗ್ ಹೋಮಿನ ಒಡೆಯರಾದ ಡಾಕ್ಟರು ಕರೆಸಿದರು.

“ಮಷೀನ್ ಕೆಳಗೇ ಹಾಸಿಗೆ ಹಾಕ್ಕೊಂಡಿದ್ಯೇನಮ್ಮ?”

ಡಾಕ್ಟರು ಪತ್ರವನ್ನು ನನ್ನ ಕಡೆ ತಳ್ಳಿದರು.

“ಬ್ಯಾಡ್ಜ್ ರೂಮಲ್ಲೇ ಮರ್ತು ಬಿಟ್ಟಿದ್ದೆ, ಅದ್ರ ಮೇಲೇ ಕಿರಣ ಬಿದ್ದಿದೆ ಅಂತ ಬರ್ದುಕೊಡು. ಎಲ್ರೂ ಬರೆಯೋದು ಹಂಗೇನೆ. ಇಲ್ಲಾಂದ್ರೆ ಕೆಲ್ಸ ಬಿಟ್ಟು ಮನೇಲಿರ್ಬೇಕಾಗತ್ತೆ.”

ಬೇರೆಯವರಿಗೆ ಹಾಕಿದ್ದೆ ಎಂದರೆ ತಪ್ಪು ನನ್ನದಾಗುತ್ತಿತ್ತು. ಅವರು ಹೇಳಿದ ಹಾಗೆಯೇ ಬರೆದೆ, ಸಹಿ ಮಾಡಿದೆ. ಅದು ಯಾರ ಮೈಗೂ ಬಿದ್ದ ಕಿರಣವಲ್ಲ ಎಂದು ಲ್ಯಾಬಿನವರು ಆ ಅಳತೆಯನ್ನು ದಾಖಲೆಯಿಂದ ತೆಗೆದುಹಾಕಿದರು. ಅಷ್ಟು ವರ್ಷದ ಕೆಲಸದಲ್ಲಿ ಆಯಮ್ಮನ ಮೈಗೆ ಎಷ್ಟು ಬಿತ್ತು ಎಂದು ಯಾರಾದರೂ ಅಳೆದದ್ದು ಅದೊಂದೇ ಸಲ.

ಆ ಸಂಜೆಯೇ ಬ್ಯಾಡ್ಜನ್ನು ಅವರಿಂದ ವಾಪಸು ತೆಗೆದುಕೊಂಡೆ. ಸೆರಗಿನ ಪಿನ್ನು ಬಿಚ್ಚುತ್ತ ಅವರು ಮೆಲ್ಲಗೆ ಕೇಳಿದರು, “ಯಾಕಮ್ಮ, ನಾನೇನಾದ್ರೂ ತಪ್ಪು ಮಾಡಿದ್ನಾ?”

ಇಲ್ಲ ಎಂದೆ. ಬ್ಯಾಡ್ಜನ್ನು ನನ್ನ ಎದೆಗೆ ಸಿಕ್ಕಿಸಿಕೊಂಡೆ.

ಆಮೇಲೆ ಕೆಲವು ವಾರ ಮಕ್ಕಳ ಅಪ್ಪ ಅಮ್ಮಂದಿರನ್ನೇ ಒಳಗೆ ಕರೆದು, ಏಪ್ರನ್ ಹಾಕಿಸಿ, ಹಿಡಿಸಿದೆ. ಹೊತ್ತಾಗುತ್ತದೆ ಎಂದು ಜನ ಗಲಾಟೆ ಮಾಡಿದರು. ಆಯಮ್ಮ ಮತ್ತೆ ಬಂದು ನಿಂತರು. ಮರುವರ್ಷ ನಾನು ಆ ಕೆಲಸ ಬಿಟ್ಟೆ...

ಹದಿನೆಂಟು ವರ್ಷವಾಯಿತು. ಈಗ ಕೆಂಗೇರಿಯ ಆಚೆ ದೊಡ್ಡ ಆಸ್ಪತ್ರೆಯೊಂದರಲ್ಲಿ ವಿಕಿರಣ ಸುರಕ್ಷತೆಯ ಹೊಣೆ ನನ್ನದು. ಹೊಸದಾಗಿ ಸೇರುವ ನರ್ಸುಗಳಿಗೆ, ಆಯಾಗಳಿಗೆ, ವಾರ್ಡ್ ಬಾಯ್‌ಗಳಿಗೆ ಪಾಠ ಮಾಡುತ್ತೇನೆ. ಬ್ಯಾಡ್ಜ್ ಯಾಕೆ ಎಂದು ಕೇಳಿದರೆ ಪ್ರತಿ ಸಲವೂ ಯಾರೋ ಒಬ್ಬರು “ನಮ್ಗೇನೂ ಆಗ್ದಿರ್ಲಿ ಅಂತ ಮೇಡಂ” ಎನ್ನುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಆ ಗಳಿಗೆಯಲ್ಲಿ, ಅಷ್ಟು ಜನರ ಮುಂದೆ ನಿಂತಿದ್ದರೂ, ನಾನೊಬ್ಬಳೇ ಆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದೇನೆ ಅನ್ನಿಸುತ್ತದೆ.

ಏಪ್ರನ್ ಸಿಕ್ಕಿದ ಮರುವಾರ ಮೂಡಲಪಾಳ್ಯಕ್ಕೆ ಹೋದೆ. ನರ್ಸಿಂಗ್ ಹೋಮ್ ಮುಚ್ಚಿ ಎಷ್ಟೋ ಕಾಲವಾಗಿತ್ತು, ವಿಚಾರಿಸಲು ಬೇರೆ ಜಾಗವಿರಲಿಲ್ಲ. ಬಸ್ ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ, ರಾಜಾಜಿನಗರದ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವರು, ಎತ್ತರಕ್ಕಿದ್ದರು, ಎಂದು ಕೇಳಿದೆ.

“ಯಾವ ಆಯಮ್ಮ ಮೇಡಂ? ಇಲ್ಲಿ ಬೀದಿಗಿಬ್ರು ಇದಾರೆ. ಹೆಸ್ರೇಳಿ.”

ಎರಡು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದ್ದೆವು. ಒಂದು ದಿನವೂ ಹೆಸರು ಕೇಳಿರಲಿಲ್ಲ.

ಈಗ ಅವರು ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇಲ್ಲವಾಗಿದ್ದರೆ ಯಾವುದರಿಂದ ಎಂದು ಊಹಿಸುವ ಹಕ್ಕು ನನಗಿಲ್ಲ. ಮನೆಗೆ ಬಂದು ಲ್ಯಾಬಿಗೆ ಒಂದು ಕಾಗದ ಬರೆಯಲು ಕೂತೆ. ಅಂದು ನಾನು ಸಹಿ ಮಾಡಿದ್ದು ಸುಳ್ಳು, ಆ ಮೂರು ತಿಂಗಳ ಅಳತೆ ನಿಜವಾದದ್ದು, ಆದರೆ ಅದು ನನ್ನದಲ್ಲ, ಎಂದು ಬರೆದೆ. ಯಾರದು ಎಂದು ಬರೆಯಬೇಕಾದಲ್ಲಿ ಪೆನ್ನು ನಿಂತಿತು. ಆಯಮ್ಮ ಎಂದು ಬರೆದು, ಹೊಡೆದುಹಾಕಿದೆ. ಕಾಗದ ಇನ್ನೂ ಮೇಜಿನ ಮೇಲೇ ಇದೆ.